ಡಿ ಆನ್ಜಾದಿಂದ ಯುಸಿಗೆ: ಮೊದಲು ಮೇಜರ್ ಕೋರ್ಸ್
ಮಗಳು ಕ್ಯಾಲಿಫೋರ್ನಿಯಾದ ಡಿ ಆನ್ಜಾ ಕಮ್ಯುನಿಟಿ ಕಾಲೇಜಿನಿಂದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಂಪ್ಯೂಟರ್ ಸೈನ್ಸ್‌ಗೆ ಹೋಗಲು ಮೊದಲು ಕ್ಯಾಲ್-ಜಿಇಟಿಸಿ, ಅಂದರೆ ಜಿಇ (ಸಾಮಾನ್ಯ ಶಿಕ್ಷಣ) ಕೋರ್ಸುಗಳ ಗುಚ್ಛ, ಮುಗಿಸಬೇಕೇ ಎಂದು ಕೇಳಿದ್ದೀರಿ. ಬೇಡ ಸಾರ್, ಮುಖ್ಯ ವಿಷಯ, ಅಂದರೆ ಮೇಜರ್‌ಗೆ ಬೇಕಾದ ಗಣಿತ, ಪ್ರೋಗ್ರಾಮಿಂಗ್ ಮೊದಲು. ಅದು ಬಾಕಿ ಉಳಿದರೆ ಜಿಇ ಪೂರ್ತಿ ಮುಗಿಸಿದ್ದರೂ ಸೀಟು ಕಷ್ಟ.

ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ಕಾಲೇಜು, ಯುಸಿ ಕ್ಯಾಂಪಸ್, ಮೇಜರ್ ಮೂರನ್ನೂ ಕೊಟ್ಟು ಒಪ್ಪಂದದ ಪಟ್ಟಿ (ಕಾಲೇಜಿನ ಯಾವ ಕೋರ್ಸ್ ಯುಸಿಯ ಯಾವ ಕೋರ್ಸಿಗೆ ಸಮ ಎಂಬುದು) ತೆಗೆಯಿರಿ. ಬರ್ಕ್ಲಿ ಕೇಳುವುದೇ ಬೇರೆ, ಡೇವಿಸ್ ಕೇಳುವುದೇ ಬೇರೆ. ಮೂರ್ನಾಲ್ಕು ಪಟ್ಟಿ ಪಕ್ಕಪಕ್ಕ ಇಡಿ. ಕೋರ್ಸಿನ ಮುಂದೆ ‘ಯುಸಿಗೆ ವರ್ಗವಾಗುತ್ತದೆ’ ಎಂದಷ್ಟೇ ಇದ್ದರೆ ಯೂನಿಟ್ (ಕ್ರೆಡಿಟ್) ಸಿಗಬಹುದು, ಮೇಜರ್‌ಗೆ ಲೆಕ್ಕವಾಗಲಿಕ್ಕಿಲ್ಲ.

ಎಡವುವುದು ಹೆಚ್ಚಾಗಿ ಕ್ಯಾಲ್ಕುಲಸ್‌ನಲ್ಲಿ. ಡಿ ಆನ್ಜಾದ್ದು ಕ್ವಾರ್ಟರ್ ಪದ್ಧತಿ, ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳದು. ಅರ್ಧ ಅಲ್ಲಿ, ಅರ್ಧ ಸೆಮಿಸ್ಟರ್ ಕಾಲೇಜಿನಲ್ಲಿ ಮಾಡಿದರೆ ನಡುವೆ ಪಾಠ ತಪ್ಪಿ ಸರಣಿ ಒಪ್ಪಿಗೆಯಾಗದಿರಬಹುದು. ಒಂದೇ ಕಡೆ ಮುಗಿಸಲಿ.

ಟ್ಯಾಗ್ (ಶರತ್ತು ಪೂರೈಸಿದರೆ ಯುಸಿಯಲ್ಲಿ ವರ್ಗಾವಣೆ ಸೀಟು ಖಚಿತಪಡಿಸುವ ಯೋಜನೆ) ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊಗಳಲ್ಲಿ ಅದಿಲ್ಲ. ಉಳಿದೆಡೆಯೂ ಎಲ್ಲ ಮೇಜರ್‌ಗಿಲ್ಲ.