ಫಾದರ್ ಪಟ್ಟಿ ಕೇಳಿದರೆ ಏನು ಕೊಡಬೇಕು?

ಓದುಗರ ಪತ್ರ: ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ಈಗ ಒಂದು ಕ್ರೈಸ್ತ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆಪ್ತಸಮಾಲೋಚನಾ ಕೇಂದ್ರದ ಮುಖ್ಯಸ್ಥೆಯಾಗಿ ಸೇರಿದ್ದೇನೆ. ನಾನು ಕ್ರೈಸ್ತಳಲ್ಲ. ಕೆಲಸ ಇಷ್ಟವಾಗಿದೆ, ಜನರೂ ಒಳ್ಳೆಯವರು. ಆದರೆ ಕೌನ್ಸೆಲಿಂಗ್‌ಗೆ ಯಾರ್ಯಾರು ಬರುತ್ತಾರೆ ಎಂದು ಪ್ರತಿ ತಿಂಗಳು ಪಟ್ಟಿ ಕೊಡಿ ಎನ್ನುತ್ತಾರೆ ಆಡಳಿತ ನೋಡಿಕೊಳ್ಳುವ ಫಾದರ್. 'ನಮ್ಮ ಮಕ್ಕಳಲ್ವಾ, ನಮಗೆ ಗೊತ್ತಿರಬೇಡವಾ?' ಅನ್ನುತ್ತಾರೆ. ಇಲ್ಲ ಎನ್ನಲು ಧೈರ್ಯ ಸಾಲದು, ಹೂಂ ಎನ್ನಲು ಮನಸ್ಸು ಬಾರದು. ಇನ್ನೊಂದು ಪ್ರಶ್ನೆ: ವಿದ್ಯಾರ್ಥಿ ಯಾರಾದರೂ 'ನನ್ನ ಜೊತೆ ಪ್ರಾರ್ಥನೆ ಮಾಡಿ' ಎಂದರೆ ಏನು ಮಾಡಲಿ?
– ಹೆಸರು ಬೇಡ ಎಂದ ಓದುಗರು

ಸಂಪಾದಕರ ಉತ್ತರ:

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಪಟ್ಟಿ ಕೊಡಬೇಡಿ. ಅದನ್ನು ಫಾದರ್‌ಗೆ ಹೇಗೆ ಹೇಳುವುದು ಎನ್ನುವುದಕ್ಕೇ ಜಾಸ್ತಿ ಜಾಗ ಬೇಕು.

ನಿಮ್ಮ ಸಂಸ್ಥೆ ಯಾವುದೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಫಾದರ್ ಪಟ್ಟಿ ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ ಎಂದು ಪತ್ರದಿಂದಲೇ ಗೊತ್ತಾಗುತ್ತದೆ. ಅವರಿಗೆ ಭಯವಿದೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಹಾಸ್ಟೆಲ್ ನಡೆಸುವವರ ನಿದ್ದೆ ಕೆಡಿಸುವ ಸಂಖ್ಯೆ ಇದು. ಜೊತೆಗೆ ಹಳೆಯ ರೂಢಿಯೊಂದಿದೆ. ಕರ್ನಾಟಕದಲ್ಲಿ ಕ್ರೈಸ್ತ ವಿಶ್ವವಿದ್ಯಾಲಯಗಳು ಹೊಸವು, ಅವುಗಳ ಹಿಂದಿನ ಕಾಲೇಜುಗಳು ಹಳೆಯವು. ಮಂಗಳೂರಿನ ಸಂತ ಅಲೋಶಿಯಸ್ 1880ರದು, ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರದು. ಹುಡುಗರು ಕಡಿಮೆಯಿದ್ದ ಕಾಲದಲ್ಲಿ ಪಾಠ ಹೇಳುವವರು, ಹಾಸ್ಟೆಲ್ ನೋಡಿಕೊಳ್ಳುವವರು, ಕಷ್ಟ ಕೇಳುವವರು ಎಲ್ಲಾ ಫಾದರ್‌ಗಳೇ. ಇವತ್ತು ಕ್ಯಾಂಪಸ್‌ನಲ್ಲಿ ಸಾವಿರಾರು ಮಕ್ಕಳು, ಅದರಲ್ಲಿ ಬೇರೆ ಬೇರೆ ಧರ್ಮದವರು. 'ನಮ್ಮ ಮಕ್ಕಳು' ಎಂಬ ಮಾತು ಮಾತ್ರ ಹಾಗೇ ಉಳಿದಿದೆ. ಆ ಮಾತು ಒಳ್ಳೆಯದೇ, ಉಳಿಯಲಿ.

ಈಗ ನಿಮ್ಮ ಕೇಂದ್ರದ ಬಾಗಿಲಿಗೆ ಬರೋಣ. ಅಲ್ಲೊಂದು ರಿಜಿಸ್ಟರ್ ಇದೆಯಾ? ಹೆಸರು, ರಿಜಿಸ್ಟರ್ ನಂಬರ್, ವಿಭಾಗ, ಬಂದ ಸಮಯ, ಬಂದ ಕಾರಣ, ಸಹಿ. ಹುಡುಗಿಯೊಬ್ಬಳು ಬಂದು ಪೆನ್ನು ಹಿಡಿಯುತ್ತಾಳೆ. ತನ್ನ ಸಾಲು ತುಂಬುವ ಮೊದಲು ಅವಳ ಕಣ್ಣು ಮೇಲಿನ ಸಾಲುಗಳ ಮೇಲೆ ಓಡುತ್ತದೆ. ಪರಿಚಯದ ಹೆಸರೊಂದು ಸಿಗುತ್ತದೆ. 'ಕಾರಣ' ಎಂಬಲ್ಲಿ ಏನು ಬರೆಯಬೇಕೆಂದು ತೋಚದೆ 'ಪರ್ಸನಲ್' ಎಂದು ಗೀಚುತ್ತಾಳೆ. ತನ್ನ ಹೆಸರನ್ನೂ ಮುಂದಿನವರು ಹೀಗೇ ಓದುತ್ತಾರೆ ಎಂದು ಅಷ್ಟರಲ್ಲಿ ಅವಳಿಗೆ ಅರ್ಥವಾಗಿರುತ್ತದೆ. ಮುಂದಿನ ವಾರ ಅವಳು ಬರುವುದಿಲ್ಲ. ಆ ಪುಸ್ತಕವನ್ನು ನಾಳೆಯೇ ತೆಗೆಸಿ. ಒಬ್ಬರಿಗೊಂದು ಚೀಟಿ ಸಾಕು, ಅದು ನೇರ ಬೀಗ ಹಾಕಿದ ಡ್ರಾಯರ್‌ಗೆ ಹೋಗಲಿ.

ಬಾಗಿಲಲ್ಲಿರುವ ಪುಸ್ತಕವೇ ಹೀಗೆ ಮಾಡುತ್ತದೆ ಎಂದ ಮೇಲೆ ಫಾದರ್ ಮೇಜಿನ ಮೇಲಿನ ಪಟ್ಟಿ ಏನು ಮಾಡೀತು? ಆ ಮೇಜಿಗೆ ವಾರ್ಡನ್ ಬರುತ್ತಾರೆ, ವಿಭಾಗದ ಮುಖ್ಯಸ್ಥರು ಬರುತ್ತಾರೆ, ಅಟೆಂಡೆನ್ಸ್ ಕಡಿಮೆಯಾದವರ ಕಡತವೂ ಅಲ್ಲಿಗೇ ಬರುತ್ತದೆ. ಯಾರೂ ಬೇಕೆಂದು ಏನೂ ಮಾಡಬೇಕಿಲ್ಲ, ಸುದ್ದಿ ತಾನಾಗಿ ಹರಡುತ್ತದೆ. ಆಮೇಲೆ ನಿಜವಾಗಿ ಕಷ್ಟದಲ್ಲಿರುವವರು ಬರುವುದು ನಿಲ್ಲಿಸುತ್ತಾರೆ. ಫಾದರ್ ಯಾರ ಬಗ್ಗೆ ಹೆದರಿ ಪಟ್ಟಿ ಕೇಳಿದರೋ ಅವರ ಹೆಸರೇ ಅದರಲ್ಲಿ ಇರುವುದಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿ.

ಕಾನೂನನ್ನೂ ತೋರಿಸಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಕಾಯಿಲೆ ಇರುವವರಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಆದರೆ ಕ್ಯಾಥೊಲಿಕ್ ಸಂಸ್ಥೆಯಲ್ಲಿ ನಿಮಗೆ ಇದಕ್ಕಿಂತ ಹತ್ತಿರದ ಆಧಾರವೊಂದಿದೆ, ಫಾದರ್‌ಗೆ ಸೆಮಿನರಿಯ, ಅಂದರೆ ಫಾದರ್ ಆಗಲು ಓದುವ ಶಾಲೆಯ, ದಿನಗಳಿಂದಲೇ ಗೊತ್ತಿರುವಂಥದ್ದು. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 983ರಿಂದ 985ರವರೆಗಿನ ನಿಯಮಗಳನ್ನು ನೋಡಿ. ಪಾಪನಿವೇದನೆಯಲ್ಲಿ, ಅಂದರೆ ಭಕ್ತರು ತಮ್ಮ ತಪ್ಪುಗಳನ್ನು ಹೇಳಿಕೊಳ್ಳುವ ಕನ್ಫೆಷನ್ನಿನಲ್ಲಿ, ಕೇಳಿದ್ದನ್ನು ಗುರುಗಳು (ಫಾದರ್) ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ ಎನ್ನುತ್ತದೆ ಮೊದಲನೆಯದು. ಅಧಿಕಾರದಲ್ಲಿ ಇರುವವರು ಹಾಗೆ ತಿಳಿದದ್ದನ್ನು ಆಡಳಿತಕ್ಕೆ ಬಳಸುವಂತಿಲ್ಲ ಎನ್ನುತ್ತದೆ ಎರಡನೆಯದು. ಮೂರನೆಯದು ಇನ್ನೂ ಮುಂದೆ ಹೋಗುತ್ತದೆ: ಸೆಮಿನರಿಯ ಮುಖ್ಯಸ್ಥನಾದ ರೆಕ್ಟರ್ ಅದೇ ಮನೆಯಲ್ಲಿರುವ ತನ್ನ ವಿದ್ಯಾರ್ಥಿಗಳ ಪಾಪನಿವೇದನೆ ಕೇಳಬಾರದು, ವಿದ್ಯಾರ್ಥಿ ತಾನಾಗಿಯೇ ಬಂದು ಕೇಳಿಕೊಂಡರೆ ಮಾತ್ರ ಕೇಳಬಹುದು. ಪಾಸು ಫೇಲು ನಿರ್ಧರಿಸುವವರ ಕೈಗೆ ಹುಡುಗನ ಒಳಗುಟ್ಟು ಸಿಗಬಾರದು ಎಂಬ ಎಚ್ಚರ ಇದರಲ್ಲಿ ನನಗೆ ಕಾಣುತ್ತದೆ. ಆಪ್ತಸಮಾಲೋಚನೆ ಪಾಪನಿವೇದನೆಯಲ್ಲ, ನಿಜ. ಅಲ್ಲಿನ ಗುಟ್ಟಿಗೆ ವಿನಾಯಿತಿಯೇ ಇಲ್ಲ, ನಿಮ್ಮಲ್ಲಿ ಇದೆ. ಆದರೂ ನೀವು ಕೇಳುತ್ತಿರುವುದು ಹೊರಗಿನಿಂದ ತಂದ ನಿಯಮವಲ್ಲ, ಅವರ ಮನೆಯದೇ ಎಂದು ಧೈರ್ಯವಾಗಿ ಹೇಳಿ.

ವಿನಾಯಿತಿಗಳನ್ನು ಮಾತ್ರ ಈಗಲೇ ಬರೆದಿಟ್ಟುಕೊಳ್ಳಿ, ಫಾದರ್ ಸಹಿಯನ್ನೂ ಪಡೆಯಿರಿ. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕು. ಯಾರಿಗೆ? ಹುಡುಗನನ್ನು ಆ ರಾತ್ರಿ ಕಾಯಬೇಕಾದವರಿಗೆ. ಎಷ್ಟು? 'ಇವನನ್ನು ಒಂಟಿಯಾಗಿ ಬಿಡಬೇಡಿ, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ' ಎನ್ನುವಷ್ಟು. ಪ್ರೇಮವೋ ಸಾಲವೋ ಮನೆಯ ಜಗಳವೋ ವಾರ್ಡನ್‌ಗೆ ಬೇಕಿಲ್ಲ. ಮೊದಲ ವರ್ಷಕ್ಕೆ ಸೇರುವ ಎಷ್ಟೋ ಮಕ್ಕಳಿಗೆ ಇನ್ನೂ 17 ವರ್ಷ ಎಂಬುದನ್ನೂ ಮರೆಯಬೇಡಿ. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಮಿತಿಗಳನ್ನು ಮೊದಲ ಭೇಟಿಯಲ್ಲೇ, ಕಥೆ ಶುರುವಾಗುವ ಮುಂಚೆಯೇ, ವಿದ್ಯಾರ್ಥಿಗೆ ಹೇಳಬೇಕು. ಎಲ್ಲಾ ಹೇಳಿಕೊಂಡು ಅತ್ತ ಮೇಲೆ 'ಇದನ್ನು ನಾನು ಹೇಳಲೇಬೇಕು' ಎಂದರೆ ಆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ.

ಹಾಗಾದರೆ ಫಾದರ್‌ಗೆ ಬರಿಗೈಯಾ? ಇಲ್ಲ. ಅವರಿಗೆ ಹೆಸರಿಲ್ಲದ ಲೆಕ್ಕ ಕೊಡಿ. ಈ ತಿಂಗಳು ಎಷ್ಟು ಜನ ಬಂದರು, ಪರೀಕ್ಷೆಯ ಭಯಕ್ಕೆ ಎಷ್ಟು, ಹಾಸ್ಟೆಲ್ ತೊಂದರೆಗೆ ಎಷ್ಟು. ಇಲ್ಲೂ ಹುಷಾರು. 30 ಜನರ ತರಗತಿಯಿಂದ ಇಬ್ಬರು ಬಂದರು ಎಂದು ಬರೆದರೆ ಯಾರೆಂದು ಊಹಿಸಲು ಕಷ್ಟವಿಲ್ಲ. ಸಣ್ಣ ಸಂಖ್ಯೆಗಳನ್ನು ಒಟ್ಟು ಸೇರಿಸಿ ಕೊಡಿ. ಒಂದೇ ಹಾಸ್ಟೆಲಿನಿಂದ ಜಾಸ್ತಿ ಜನ ಬಂದರೆ ಆ ಹಾಸ್ಟೆಲಿನಲ್ಲಿ ಏನೋ ಸರಿಯಿಲ್ಲ ಎಂದರ್ಥ. ಅದನ್ನು ಸರಿಮಾಡುವ ಅಧಿಕಾರ ಇರುವುದು ಫಾದರ್‌ಗೇ, ನಿಮಗಲ್ಲ. ಇನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಕೊಟ್ಟ ಮಾರ್ಗಸೂಚಿ: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಕೌನ್ಸೆಲರ್ ಒಬ್ಬರಾದರೂ ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು. ಆ ತರಬೇತಿಯನ್ನು ಮೇಷ್ಟ್ರಿಗಷ್ಟೇ ಮುಗಿಸಬೇಡಿ. ಮೂರು ದಿನದಿಂದ ಊಟಕ್ಕೆ ಬಾರದ ಹುಡುಗ ಯಾರೆಂದು ಮೊದಲು ಗೊತ್ತಾಗುವುದು ಮೆಸ್ಸಿನವರಿಗೆ. ರಾತ್ರಿ ಎರಡು ಗಂಟೆಗೆ ಗೇಟಿನ ಬಳಿ ಅಡ್ಡಾಡುವವಳನ್ನು ನೋಡುವುದು ಸೆಕ್ಯುರಿಟಿಯವರು. ಫಾದರ್ ಬಯಸುವ 'ನಮಗೆ ಗೊತ್ತಿರಬೇಕು' ಎಂಬುದು ಆಗುವುದು ಇವರಿಂದ.

ನೀವು ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ, ಇಂಥ ಕಡೆ ಅದು ಬಂದೇ ಬರುತ್ತದೆ. ಸಲಿಂಗಿಯಾದ ಮಗನನ್ನೋ ಮಗಳನ್ನೋ 'ಸರಿ ಮಾಡಿಕೊಡಿ' ಎಂದು ತಂದೆ ತಾಯಿ ಕರೆತರಬಹುದು, ಅವರ ಜೊತೆ ಸಂಸ್ಥೆಯವರೂ ಬರಬಹುದು. ಒಪ್ಪಬೇಡಿ. ಅಂಥ 'ಚಿಕಿತ್ಸೆ'ಯನ್ನು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ವೈದ್ಯರ ಪಾಲಿಗೆ ವೃತ್ತಿ ದುರ್ನಡತೆ ಎಂದು ಹೇಳಿದೆ. ಸಂಸ್ಥೆಯ ನಂಬಿಕೆ ಏನೇ ಇರಲಿ, ನಿಮ್ಮ ಕೋಣೆಯಲ್ಲಿ ಕೂತ ಮಗುವಿಗೆ ನೀವು ಜವಾಬ್ದಾರರು.

ಪ್ರಾರ್ಥನೆಯ ಪ್ರಶ್ನೆ ನನಗೆ ಇಷ್ಟವಾಯಿತು. ಪ್ರಾರ್ಥನೆಯನ್ನು ನೀವಾಗಿ ಎತ್ತಬೇಡಿ, ನಿಮ್ಮ ಕೌನ್ಸೆಲರ್‌ಗಳೂ ಎತ್ತಬಾರದು. ಹಿಂದೂ ಹುಡುಗ, ಮುಸ್ಲಿಂ ಹುಡುಗಿ ಅಲ್ಲಿ ಕೂತಾಗ ಬೇಡ ಎನ್ನಲು ಸಂಕೋಚಪಟ್ಟು ಹೂಂ ಎಂದಾರು. ವಿದ್ಯಾರ್ಥಿಯೇ ಕೇಳಿದರೆ ತಳ್ಳಿಹಾಕಬೇಡಿ. 'ನೀವು ಮಾಡಿ, ನಾನು ಜೊತೆಗೆ ಕೂತಿರುತ್ತೇನೆ' ಎನ್ನಬಹುದು. ನೀವು ನಂಬದ ಮಾತನ್ನು ಸುಮ್ನೆ ಹೇಳುವುದು ಬೇಡ. ಆಮೇಲೆ ಕೇಳಿ: ಈ ಬಗ್ಗೆ ಯಾರಾದರೂ ಗುರುಗಳ ಜೊತೆ ಮಾತಾಡಬೇಕಾ, ಯಾರ ಜೊತೆ? ಹೆಸರನ್ನು ವಿದ್ಯಾರ್ಥಿಯೇ ಹೇಳಲಿ. ಆಡಳಿತದಲ್ಲಿ ಇಲ್ಲದ ಗುರುಗಳಾದರೆ ಒಳ್ಳೆಯದು. ಒಪ್ಪಿಗೆ ಪಡೆದು, ಅವರ ಎದುರೇ ಫೋನ್ ಮಾಡಿ, 'ಒಬ್ಬ ವಿದ್ಯಾರ್ಥಿ ನಿಮ್ಮನ್ನು ನೋಡಬೇಕಂತೆ' ಎಂದಷ್ಟೇ ಹೇಳಿ. ಉಳಿದದ್ದನ್ನು ಹೇಳುವುದು ಬಿಡುವುದು ವಿದ್ಯಾರ್ಥಿಗೆ ಬಿಟ್ಟದ್ದು.

ಕೇಂದ್ರ ಮುಚ್ಚಿರುವ ರಾತ್ರಿಗಳಿಗೆ, ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ಹೋಗದೆ ಉಳಿಯುವ ಮಕ್ಕಳಿಗೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಹಾಸ್ಟೆಲಿನ ಪ್ರತಿ ಮಹಡಿಯಲ್ಲೂ ಅಂಟಿಸಿ. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಪೋಸ್ಟರನ್ನೂ ಇಂಗ್ಲಿಷಿನಲ್ಲಿ ಮಾತ್ರ ಮಾಡಿಸಬೇಡಿ.