‘ಈ ವಯಸ್ಸಲ್ಲಿ’ ಅಂದ್ರೆ ಯಾವ ವಯಸ್ಸಲ್ಲಿ?

“ಅತ್ತೆಗೆ 72. ಮಾವ ಹೋದ್ಮೇಲೆ ಮಾತೇ ಕಮ್ಮಿ, ಒಲೆ ಮೇಲೆ ಹಾಲಿಟ್ಟು ಮರೀತಾರೆ. ಮನೋವೈದ್ಯರ ಫೀಸು ಒಂದ್ಸಲಕ್ಕೆ 700 ರೂಪಾಯಿ, ಮಾತ್ರೆ ಬೇರೆ. ಈ ವಯಸ್ಸಲ್ಲಿ ಇದೆಲ್ಲ ಬೇಕಾ ಸಾರ್?” ಅಂತ ದಾವಣಗೆರೆಯ ಓದುಗರೊಬ್ರು ಕೇಳಿದ್ದಾರೆ.

ಬೇಕು ತಾಯೀ. ಖರ್ಚಿನ ಕಷ್ಟ ಸುಳ್ಳಲ್ಲ, ಒಪ್ಪಿದೆ. ಆದ್ರೆ ಅದೇ ಅತ್ತೆಗೆ ಕಣ್ಣಿಗೆ ಪೊರೆ ಬಂದಿದ್ರೆ ಆಪರೇಷನ್ ಬೇಕಾ ಅಂತ ಪತ್ರ ಬರೀತಿದ್ರಾ?

ನಮ್ಮ ಸೋದರತ್ತೆ ನಮ್ಮ ಪತ್ರಿಕೆಯ ಪ್ರತಿ ಸಂಚಿಕೆ ಪದಬಂಧ ಪೆನ್ನಲ್ಲೇ ತುಂಬೋರು (ಪೆನ್ಸಿಲ್ ಮುಟ್ಟಲ್ಲ, ಅದೊಂದು ಜಂಬ), ಸುಳಿವು ತಪ್ಪಿದ್ರೆ ಫೋನ್ ಮಾಡಿ ನಂಗೆ ಬೈಯೋರು. ಒಂದಿನ ಫೋನ್ ನಿಂತೋಯ್ತು. ಹೋಗಿ ನೋಡಿದ್ರೆ ನಾಲ್ಕು ಸಂಚಿಕೆ ಖಾಲಿ, ಐದನೇದ್ರಲ್ಲಿ ಎರಡು ಮನೆ ತುಂಬಿ ಅದನ್ನೂ ಗೀಚಿಹಾಕಿದ್ದಾರೆ. ಅರವತ್ತಕ್ಕೆ ಅರಳುಮರಳು ಅಂದ್ಕೊಂಡು ಎಲ್ರೂ ಸುಮ್ಮನಿದ್ವಿ, ಪತ್ರಿಕೆ ನಡೆಸೋ ಮಹಾ ಬುದ್ಧಿವಂತ ನಾನೂ ಸೇರಿ. ಕೊನೆಗೆ ಡಾಕ್ಟರು ಥೈರಾಯ್ಡು, ಬಿ12 ಎಲ್ಲ ಪರೀಕ್ಷೆ ಮಾಡ್ಸಿ, ಇದು ಮರೆವಿನ ಕಾಯಿಲೆ ಅಲ್ಲ, ಖಿನ್ನತೆ, ವಯಸ್ಸಾದವರಲ್ಲಿ ಅದು ಮರೆವಿನ ವೇಷ ಹಾಕ್ಕೊಂಡು ಬರೋದುಂಟು ಅಂದ್ರು. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಫೋನ್ ಬಂತು. ಬೈಗುಳವೇ.

ನಿಮಗಿಂತ ನನ್ನ ಸಿಟ್ಟು ಸರ್ಕಾರದ ಮೇಲೆ, ವಿಮೆಯವರ ಮೇಲೆ. ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೇ ವಿಮೆ ಕೊಡ್ಬೇಕು ಅಂತ 2017ರ ಕಾಯ್ದೆಯೇ ಇದೆ. 70 ದಾಟಿದವರಿಗೆ ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷ ಅಂತ ಕೇಂದ್ರ 2024ರಲ್ಲಿ ಘೋಷಿಸ್ತು. ಸಿಗೋದು ಯಾವಾಗ? ಅಡ್ಮಿಟ್ ಆದ್ರೆ! ನಿಮ್ಮತ್ತೆಗೆ ಬೇಕಿರೋದು ಬೆಡ್ಡಲ್ಲ, ತಿಂಗಳಿಗೊಂದ್ಸಲ ಕೂತು ಕೇಳೋ ಡಾಕ್ಟ್ರು, ಒಂದು ಸ್ಟ್ರಿಪ್ ಮಾತ್ರೆ, ಅದಕ್ಕೆ ಕೈಯಿಂದಲೇ ಹಾಕ್ಬೇಕು. ಇನ್ನು ವಯಸ್ಸಾದವರಿಗೆ ಸರ್ಕಾರ ಕೊಡೋ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200 ರೂಪಾಯಿ, ನೀವು ಹೇಳಿದ ಫೀಸು ಕೊಟ್ರೆ ಉಳಿಯೋದು 500, ಅದ್ರಲ್ಲಿ ಬಿಪಿ ಮಾತ್ರೆ ತರ್ತಾರೋ ಎಲೆ ಅಡಿಕೆ ತರ್ತಾರೋ.

ಪ್ರೈವೇಟೇ ಆಗ್ಬೇಕು ಅಂತಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಸರ್ಕಾರದ ಮನೋಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡ್ಬೋದು, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಅತ್ತೆ ಈಗ ನುಂಗ್ತಿರೋ ಮಾತ್ರೆ, ಹಳೇ ಚೀಟಿ ಎಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ. ಮತ್ತೆ, ಡಾಕ್ಟ್ರು ಅವರನ್ನ ಏನಾದ್ರೂ ಕೇಳಿದ್ರೆ ದಯವಿಟ್ಟು ನೀವು ಉತ್ತರ ಹೇಳ್ಬೇಡಿ.