ಕಂಪ್ಯೂಟರ್‌ಗೆ ವೈರಸ್ ತಗುಲಿದಾಗ ಸರ್ಕಾರದ ನೆರವನ್ನು ಜನ ಏಕೆ ನಂಬುವುದಿಲ್ಲ?

ಕುತಂತ್ರಾಂಶವನ್ನು (ವೈರಸ್‌ನಂಥ ಹಾನಿಕಾರಕ ತಂತ್ರಾಂಶವನ್ನು) ತೆಗೆದುಹಾಕಲು ಬೇಕಾದ ಅಧಿಕಾರವೇ ಕಂಪ್ಯೂಟರಿನೊಳಗೆ ಇಣುಕಿ ನೋಡಲೂ ಸಾಕಾಗುತ್ತದೆ ಎಂಬುದೇ ಈ ಅಪನಂಬಿಕೆಯ ಮುಖ್ಯ ಕಾರಣ. ಒಳಬಂದವರು ಹೇಳಿದಷ್ಟನ್ನೇ ಮಾಡಿ ಹೊರಟರೇ ಎಂಬುದನ್ನು ಸಾಮಾನ್ಯ ಬಳಕೆದಾರರು ತಾವಾಗಿ ಪರೀಕ್ಷಿಸಲಾರರು.

2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಎಮೊಟೆಟ್ ಎಂಬ ಕುತಂತ್ರಾಂಶದ ಜಾಲವನ್ನು ವಶಪಡಿಸಿಕೊಂಡರು. ಅದು ತನ್ನ ಒಡೆಯರಿಂದ ಆದೇಶ ಪಡೆಯುತ್ತಿದ್ದ ದಾರಿಯಲ್ಲೇ ಸೋಂಕಿತ ಕಂಪ್ಯೂಟರುಗಳಿಗೆ ಹೊಸ ಕಡತವೊಂದನ್ನು ಕಳುಹಿಸಲಾಯಿತು; ಏಪ್ರಿಲ್ 25ರಂದು ಆ ಕಡತ ಕುತಂತ್ರಾಂಶವನ್ನು ತಾನಾಗಿಯೇ ನಿಷ್ಕ್ರಿಯಗೊಳಿಸಿತು. ಕೆಲಸವೇನೋ ಒಳ್ಳೆಯದೇ, ಆದರೆ ಅದಕ್ಕಾಗಿ ಪ್ರತಿಯೊಬ್ಬ ಮಾಲೀಕರ ಒಪ್ಪಿಗೆಯನ್ನು ಕೇಳಿರಲಿಲ್ಲ. ಇಂದು ಅಳಿಸಲು ಬಳಕೆಯಾದ ದಾರಿ ನಾಳೆ ಮತ್ತೇನಕ್ಕೋ ಬಳಕೆಯಾದೀತೆಂಬ ಆತಂಕವನ್ನು ಅತಿರೇಕವೆಂದು ತಳ್ಳಿಹಾಕುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಸರ್ಕಾರದ ಕೈಯಲ್ಲಿದ್ದ ಸಾಧನ ಬೇರೆಯವರ ಪಾಲಾದ ನಿದರ್ಶನವೂ ಇದೆ: 2017ರ ಮೇ ತಿಂಗಳಲ್ಲಿ ಹರಡಿದ, ಕಡತಗಳನ್ನು ಬಂಧಿಸಿ ಹಣ ಕೇಳುತ್ತಿದ್ದ ವಾನ್ನಾಕ್ರೈ ಎಂಬ ಕುತಂತ್ರಾಂಶ ಬಳಸಿಕೊಂಡದ್ದು, ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಿಂದ ಸೋರಿಕೆಯಾಗಿದ್ದ ದಾಳಿ ಸಾಧನವನ್ನೇ.

ಇದರ ಜೊತೆಗೆ ವೇಷಧಾರಿಗಳ ಕಾಟವೂ ಇದೆ. 2012ರ ಸುಮಾರಿಗೆ ಹಬ್ಬಿದ ಒಂದು ಬಗೆಯ ಕುತಂತ್ರಾಂಶವು ಪರದೆಯನ್ನು ಬಂಧಿಸಿ, ಪೊಲೀಸ್ ಲಾಂಛನದೊಡನೆ ‘ದಂಡ ಕಟ್ಟಿ’ ಎಂದು ಬೆದರಿಸುತ್ತಿತ್ತು. ಅಂಥದ್ದನ್ನು ಕಂಡವರಿಗೆ ಸರ್ಕಾರದ ನಿಜವಾದ ಎಚ್ಚರಿಕೆಯೂ ಮೋಸದಂತೆಯೇ ತೋರುತ್ತದೆ.

ಆದ್ದರಿಂದ ಸರ್ಕಾರವು ಸೋಂಕಿನ ಮಾಹಿತಿಯನ್ನಷ್ಟೇ ಇಂಟರ್ನೆಟ್ ಸೇವೆ ಒದಗಿಸುವ ಕಂಪನಿಗೆ ಕೊಟ್ಟು, ಕಂಪನಿಯು ಗ್ರಾಹಕರಿಗೆ ತಿಳಿಸಿ, ತೆಗೆಯುವ ಸಾಧನವನ್ನು ಗ್ರಾಹಕರೇ ಆಯ್ದು ಚಲಾಯಿಸುವ ವ್ಯವಸ್ಥೆಗೆ ವಿರೋಧ ಕಡಿಮೆಯಿರುತ್ತದೆ; ಅಲ್ಲಿ ಯಂತ್ರದ ಹಿಡಿತ ಅದರ ಮಾಲೀಕರ ಕೈಯಲ್ಲೇ ಉಳಿಯುತ್ತದೆ.